ಭಾಷೆ ಕೊಟ್ಟ ಬಾಯಿಗೆ ಬೀಗ: ಮಂಡ್ಯ ಸೀಮೆಯ ಹರಕೆ-ಕುಣಿತಗಳಲ್ಲಿ ನೋವಿನ ಚರಿತ್ರೆ

ನಮ್ಮ ಶಾಸನಗಳಲ್ಲಿ ‘ಭಾಷೆ’ ಎಂದರೆ ಬರಿಯ ನುಡಿಯಲ್ಲ. ಕೊಟ್ಟ ಮಾತು, ಪ್ರತಿಜ್ಞೆ. ಮಂಡ್ಯ ಸೀಮೆಯಲ್ಲಿ ಮೈಯೊಡ್ಡಿ ನೋವುಂಡವರ ಚರಿತ್ರೆ ಬಿಚ್ಚಿಕೊಳ್ಳುವುದು ಈ ಪದದಿಂದಲೇ ಎಂದು ನನ್ನ ನಂಬಿಕೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳ ನೆತ್ತಿಯಲ್ಲಿ ಆನೆಗಳಿವೆ, ಅವುಗಳ ಮೇಲೆ ಸವಾರರು. ಹೊಯ್ಸಳ ದೊರೆ ತೀರಿಕೊಂಡರೆ ತಾವೂ ಪ್ರಾಣ ಬಿಡುತ್ತೇವೆಂದು ಭಾಷೆ ಕೊಟ್ಟ, ‘ಗರುಡ’ರೆನಿಸಿಕೊಂಡ ಮನೆತನವೊಂದನ್ನು ಅಲ್ಲಿನ 1257ರ ಶಾಸನ ನೆನೆಯುತ್ತದೆ. ತಲೆಮಾರಿನಿಂದ ತಲೆಮಾರಿಗೆ, ಹೆಂಡಿರು ಆಳುಗಳ ಸಮೇತ, ಅವರು ಆ ಭಾಷೆ ತೀರಿಸಿದರು. ಇಂಥದೇ ಭಾಷೆ ಕೊಟ್ಟ ದಂಡನಾಯಕ ಕುವರ ಲಕ್ಷ್ಮನ ಹಳೇಬೀಡಿನ ಕಂಬದಲ್ಲಂತೂ ವೀರರು ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ಶಿಲ್ಪಗಳಿವೆ. ಎಂ. ಚಿದಾನಂದಮೂರ್ತಿ, ಷ. ಶೆಟ್ಟರ್ ಇಂಥ ಆತ್ಮಬಲಿಗಳನ್ನು ಆಳವಾಗಿ ಅಭ್ಯಸಿಸಿದ್ದಾರೆ. ಇವನ್ನು ಕೊಂಡಾಡಲು ನನಗೆ ಮನಸ್ಸಾಗದು. ಆ ಆಳುಗಳಿಗೆ ‘ಒಲ್ಲೆ’ ಎನ್ನುವ ದಾರಿಯಿತ್ತೇ?

ದೊರೆಗೆ ಕೊಟ್ಟ ಭಾಷೆಯ ಜೊತೆಗೆ ದೇವರಿಗೆ ಕೊಟ್ಟ ಭಾಷೆಯೂ ಇತ್ತು: ಹರಕೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೊವಾ ಹಿಂದೂ ಆಚಾರಗಳನ್ನು ಕುರಿತು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ಸಿಡಿ ಆಡುವವರು, ಕೆಂಡ ತುಳಿಯುವವರು, ಕೆನ್ನೆಗೆ ತಂತಿ ತೂರಿಸಿಕೊಂಡು ಮೈಲುಗಟ್ಟಲೆ ನಡೆಯುವವರು ಅದರಲ್ಲಿ ಬರುತ್ತಾರೆ. ಅದು ಹರಕೆಯೆಂದು ಅವನಿಗೆ ಗೊತ್ತಿತ್ತು. ಆದರೂ ಅವನಿಗೆ ಕಂಡದ್ದು ಮತಾಂಧತೆ. ಅವನ ತೀರ್ಪನ್ನು ಒಪ್ಪದಿದ್ದರೂ ವಿವರಗಳಿಗೆ ನಾವು ಋಣಿಗಳು.

ಈಗ ಹಲವೆಡೆ ಸಿಡಿಯ ಕೊಕ್ಕೆ ಹೋಗಿ ಸೊಂಟಕ್ಕೆ ಬಟ್ಟೆ ಬಂದಿದೆ. ಇತ್ತ ಆಸ್ಟ್ರೇಲಿಯಾದ ಕಲಾವಿದ ಸ್ಟೆಲಾರ್ಕ್ 1976ರಿಂದ 1988ರವರೆಗೆ ಚರ್ಮಕ್ಕೆ ಕೊಕ್ಕೆ ಹಾಕಿಸಿಕೊಂಡು ನೇತಾಡಿದ. ನೋಡುವ ಕಣ್ಣಿಗೆ ಎರಡೂ ಒಂದೇ. ಆದರೆ ಅವನು ಪರೀಕ್ಷಿಸಿದ್ದು ದೇಹದ ಮಿತಿಯನ್ನು. ಸಿಡಿ ಏರಿದವನು ತೀರಿಸಿದ್ದು ಸಾಲವನ್ನು.

ನಾಗಮಂಗಲ, ಪಾಂಡವಪುರದ ಕಡೆ ಇಂದಿಗೂ ಉಳಿದಿರುವುದು ಕೆಂಡ ತುಳಿಯುವ ಕೊಂಡ ಮತ್ತು ಕೆನ್ನೆಗೆ ಸಲಾಕೆ ಚುಚ್ಚಿಸಿಕೊಳ್ಳುವ ಬಾಯಿಬೀಗ. ಮಗುವಿನ ಜ್ವರ ಬಿಡಲೆಂದೋ ಮಳೆ ಬರಲೆಂದೋ ಹೊತ್ತ ಹರಕೆ. ಹರಕೆ ಹೊತ್ತವರು ಉಪವಾಸವಿದ್ದು, ಮಿಂದು, ಒದ್ದೆ ಬಟ್ಟೆಯಲ್ಲೇ ಅಮ್ಮನ ಗುಡಿಯ ಮುಂದೆ ನಿಲ್ಲುತ್ತಾರೆ. ಚುಚ್ಚುವವನು ಎರಡು ಬೆರಳಲ್ಲಿ ಕೆನ್ನೆಯನ್ನು ಹಿಡಿದೆಳೆದು ಒಂದೇ ಸಲಕ್ಕೆ ಸಲಾಕೆ ದಾಟಿಸುತ್ತಾನೆ. ತಮಟೆ ಏರುತ್ತದೆ. ಮನೆಯವರು ತೋಳು ಹಿಡಿದಿರುತ್ತಾರೆ. ಹರಕೆ ನುಡಿದ ಬಾಯಿಯೇ ಈಗ ಮುಚ್ಚಿದೆ. ಇಲ್ಲಿ ನೋವು ತೋರಿಕೆಯ ಸರಕಲ್ಲ, ಆಡಿದ ಮಾತಿಗೆ ಮೈ ಹಾಕಿದ ರುಜು. ಗರುಡರ ಭಾಷೆಗೂ ಇದಕ್ಕೂ ನೇರ ವಂಶಾವಳಿ ಹೇಳುವ ಸಾಹಸ ಮಾಡಲಾರೆ. ಆದರೆ ಮಾತಿನ ತರ್ಕ ಒಂದೇ. ವ್ಯತ್ಯಾಸವೂ ದೊಡ್ಡದು: ಅಲ್ಲಿ ಒಡೆಯನಿಗಾಗಿ ಜೀವ ಹೋಯಿತು, ಇಲ್ಲಿ ಮನೆಯವರ ಜೀವ ಉಳಿಯಲೆಂದು ಚರ್ಮ ತೂತಾಗುತ್ತದೆ.

ವೀರಭದ್ರನ ಕುಣಿತದಲ್ಲಿ ಇದೇ ಬಾಯಿಗೆ ಇನ್ನೊಂದು ಕೆಲಸವಿದೆ. ಕುಣಿಯುವವರು ಮೊದಲು ಕತ್ತಿ ಎತ್ತಿ, ದಕ್ಷನ ಯಜ್ಞ ಕೆಟ್ಟ ಕತೆಯನ್ನು ಏರುದನಿಯ ಒಡಪಿನಲ್ಲಿ ಹೇಳುತ್ತಾರೆ. ಆಮೇಲೆ ಬಾಯಿಗೆ ಶಸ್ತ್ರ ಚುಚ್ಚಿಸಿಕೊಂಡರೆ ಕತೆ ಅಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಕರಡೆ, ತಾಳಗಳೇ ನುಡಿಯಬೇಕು.