ಬೈಕಿನ ಪ್ಲಾಸ್ಟಿಕ್ ಪ್ಯಾನೆಲ್‌ಗೆ ಮರುಬಣ್ಣ: ಯಾವುದು ಬಾಳುತ್ತದೆ, ಯಾವುದು ಸುಲಿಯುತ್ತದೆ?

ಸೈಡ್ ಪ್ಯಾನೆಲ್, ಮಡ್‌ಗಾರ್ಡ್, ಹೆಡ್‌ಲೈಟಿನ ಡೂಮ್, ಸೀಟಿನ ಹಿಂದಿನ ಟೇಲ್ ಪ್ಯಾನೆಲ್. ಇವತ್ತಿನ ಬೈಕಿನಲ್ಲಿ ಪೆಟ್ರೋಲ್ ಟ್ಯಾಂಕ್ ಬಿಟ್ಟರೆ ಕಣ್ಣಿಗೆ ಬೀಳುವ ಬಣ್ಣದ ಭಾಗಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್. ಬಿದ್ದರೆ ಮೊದಲು ಗೀರು ಬೀಳುವುದು ಇವಕ್ಕೇ, ಬಿಸಿಲಿಗೆ ಮೊದಲು ಮಂಕಾಗುವುದೂ ಇವೇ. ಹಾಗಾಗಿ ಬೈಕ್ ಹಳೆಯದಾದಾಗ, ಅಥವಾ ಮಾರುವ ಮೊದಲು, ಈ ಭಾಗಗಳಿಗೆ ಮರುಬಣ್ಣ ಹೊಡೆಸುವುದು ಎಲ್ಲ ಊರುಗಳಲ್ಲೂ ಇದೆ.

ಆದರೆ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಡಬ್ಬಿಯಿಂದ ಹೊಡೆದ ಬಣ್ಣ ಟ್ಯಾಂಕಿನ ಮೇಲೆ ವರ್ಷಗಟ್ಟಲೆ ನಿಂತರೆ, ಮಡ್‌ಗಾರ್ಡಿನ ಮೇಲೆ ಕೆಲವೇ ತಿಂಗಳಲ್ಲಿ ಹಾಳೆಯಂತೆ ಎದ್ದು ಬರುವುದುಂಟು. ಆಗ ಎಲ್ಲರೂ ಬಣ್ಣವನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಬಣ್ಣದ್ದಲ್ಲ. ಬಣ್ಣದ ಕೆಳಗೆ ಯಾವ ಪ್ಲಾಸ್ಟಿಕ್ ಇದೆ, ಅದನ್ನು ಹೇಗೆ ಸಿದ್ಧ ಮಾಡಲಾಯಿತು ಎಂಬುದರ ಮೇಲೆ ಬಾಳಿಕೆ ನಿಂತಿದೆ.

ಉಕ್ಕಿನಿಂದ ಪ್ಲಾಸ್ಟಿಕ್‌ಗೆ

ರಾಜದೂತ್, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ, ಬುಲೆಟ್ ಇವುಗಳ ಮಡ್‌ಗಾರ್ಡು ಉಕ್ಕಿನ ತಗಡಿನದು. ಬಣ್ಣ ಹೋದರೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹೊಡೆದರೆ ಮುಗಿಯಿತು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಹಗುರವಾದ 100 ಸಿಸಿ ಬೈಕುಗಳ ಕಾಲ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಭಾಗಗಳು ಹೆಚ್ಚುತ್ತಾ ಹೋದವು. ಪ್ಲಾಸ್ಟಿಕ್ ಹಗುರ, ತುಕ್ಕು ಹಿಡಿಯುವುದಿಲ್ಲ, ಬೇಕಾದ ಆಕಾರಕ್ಕೆ ಅಚ್ಚು ಹಾಕಬಹುದು. ಆದರೆ ತಗಡಿಗೆ ಬಣ್ಣ ಹೊಡೆದು ಪಳಗಿದ ಕೈ ಅದೇ ರೀತಿಯಲ್ಲಿ ಪ್ಲಾಸ್ಟಿಕ್‌ಗೆ ಹೊಡೆದರೆ ನಿಲ್ಲುವುದಿಲ್ಲ.

ಕಾರಣ ಮೂರು. ಪ್ಲಾಸ್ಟಿಕ್ ಬಾಗುತ್ತದೆ, ಒಣಗಿದ ಬಣ್ಣ ಅಷ್ಟು ಬಾಗುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಮೂರನೆಯದಾಗಿ, ಕೆಲವು ಪ್ಲಾಸ್ಟಿಕ್‌ಗಳ ಮೈ ಮೇಣದಂತೆ ಇರುತ್ತದೆ, ಬಣ್ಣಕ್ಕೆ ಹಿಡಿತವೇ ಸಿಗುವುದಿಲ್ಲ.

ಮೊದಲು ಪ್ಲಾಸ್ಟಿಕ್ ಯಾವುದು ನೋಡಿ

ಪ್ಯಾನೆಲ್ ಬಿಚ್ಚಿ ಒಳಬದಿ ತಿರುಗಿಸಿ. ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಎರಡು ಬಾಣದ ಗುರುತಿನ ನಡುವೆ ಸಣ್ಣ ಇಂಗ್ಲಿಷ್ ಅಕ್ಷರಗಳು ಉಬ್ಬಿಕೊಂಡಿರುತ್ತವೆ. ಅದೇ ಪ್ಲಾಸ್ಟಿಕ್‌ನ ಹೆಸರು.

ಎಬಿಎಸ್: (ಬ್ರೇಕಿನ ಎಬಿಎಸ್ ಬೇರೆ, ಇದು ಬೇರೆ.) ಗಟ್ಟಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಕಂಪನಿಯಿಂದಲೇ ಬಣ್ಣ ಹೊಡೆದು ಬರುವ ಸೈಡ್ ಪ್ಯಾನೆಲ್, ಡೂಮ್, ಟೇಲ್ ಪ್ಯಾನೆಲ್‌ಗಳು ಸಾಮಾನ್ಯವಾಗಿ ಇದರವು.

ಪಿಪಿ: ಅಂದರೆ ಪಾಲಿಪ್ರೊಪಿಲೀನ್. ಬಾಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ, ಮುಟ್ಟಿದರೆ ಸ್ವಲ್ಪ ಜಿಡ್ಡಿನಂತೆ ಅನಿಸುತ್ತದೆ. ಹಲವು ಮಡ್‌ಗಾರ್ಡು, ಚಕ್ರದ ಒಳಬದಿಯ ಕಪ್ಪು ಕವರುಗಳು ಇದರವು. ಬಣ್ಣ ಹಿಡಿಯುವುದು ಕಷ್ಟ.

ಪಿಎ: ನೈಲಾನ್. ಕೆಲವು ಹಿಡಿಕೆ, ಬ್ರಾಕೆಟ್‌ಗಳಲ್ಲಿ ಇರುತ್ತದೆ.

ಅಕ್ಷರ ಕಾಣದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಒಳಬದಿಯ ಮೂಲೆಯಿಂದ ಬ್ಲೇಡಿನಲ್ಲಿ ಉಗುರಿನ ತುದಿಯಷ್ಟು ಚೂರು ಕೆರೆದು, ಸೋಪಿನ ಹನಿ ಹಾಕಿದ ನೀರಿಗೆ ಬಿಟ್ಟು ಒಮ್ಮೆ ಮುಳುಗಿಸಿ. ಚೂರಿಗೆ ಬಣ್ಣ ಅಂಟಿರಬಾರದು. ಪಿಪಿ ನೀರಿಗಿಂತ ಹಗುರ (ಸಾಂದ್ರತೆ ಸುಮಾರು 0.9), ತೇಲುತ್ತದೆ. ಎಬಿಎಸ್ ನೀರಿಗಿಂತ ಭಾರ (ಸುಮಾರು 1.05), ಮುಳುಗುತ್ತದೆ. ಟಾಲ್ಕ್ ಪುಡಿ ಬೆರೆಸಿದ ಪಿಪಿಯೂ ಮುಳುಗಬಹುದು. ಹಾಗಾಗಿ ತೇಲಿದರೆ ಪಿಪಿ ಎಂದು ನಂಬಬಹುದು, ಮುಳುಗಿದ ಮಾತ್ರಕ್ಕೆ ಎಬಿಎಸ್ ಎಂದು ತೀರ್ಮಾನಿಸಬೇಡಿ.

ಕಂಪನಿಯಲ್ಲಿ ಹೊಡೆಯದೇ ಬಿಟ್ಟ ಕಪ್ಪು ಭಾಗಗಳ ಬಣ್ಣ ಪ್ಲಾಸ್ಟಿಕ್‌ನ ಒಳಗೇ ಬೆರೆತಿರುತ್ತದೆ. ಅದು ಬೂದು ಬಣ್ಣಕ್ಕೆ ತಿರುಗಿದರೆ ಪೇಂಟ್ ಹೊಡೆಸುವುದಕ್ಕಿಂತ, ಇಂಥ ಕಪ್ಪು ಪ್ಲಾಸ್ಟಿಕ್‌ಗೆಂದೇ ಸಿಗುವ ದ್ರವ ಹಚ್ಚುವುದು ವಾಸಿ. ಸುಲಿಯುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ.

ಕೆಲಸದ ಕ್ರಮ

1. ತೊಳೆಯುವುದು. ಪ್ಯಾನೆಲ್ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಸ್ಟಿಕ್ಕರ್‌ಗಳನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ತೆಗೆಯಬಹುದು. ವರ್ಷಗಟ್ಟಲೆ ಹಚ್ಚಿದ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ. ಅದು ಉಳಿದರೆ ಹೊಸ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಸಣ್ಣ ಗುಳಿಗಳು ಏಳುತ್ತವೆ.

2. ಜಿಡ್ಡು ತೆಗೆಯುವುದು. ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಪ್ಲಾಸ್ಟಿಕ್‌ಗೆಂದೇ ಇರುವ ಕ್ಲೀನರ್ ಸಾಕು. ಎನ್‌ಸಿ ಥಿನ್ನರ್, ಅಸಿಟೋನ್ ಬಟ್ಟೆಯಲ್ಲಿ ಅದ್ದಿ ಎಬಿಎಸ್ ಮೇಲೆ ಉಜ್ಜಬಾರದು. ಎಬಿಎಸ್ ಮೆತ್ತಗಾಗುತ್ತದೆ, ಸ್ಕ್ರೂ ರಂಧ್ರದ ಸುತ್ತ ಕೂದಲೆಳೆಯಂಥ ಬಿರುಕು ಬಿಡುತ್ತದೆ.

3. ಉಜ್ಜುವುದು. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ಕೆರೆಯಬೇಕಿಲ್ಲ. ಸುಲಿದ ಕಡೆ 320 ಅಥವಾ 400 ನಂಬರಿನ ವಾಟರ್ ಪೇಪರ್, ಉಳಿದ ಕಡೆ 600. ಹೊಳಪು ಎಲ್ಲ ಹೋಗಿ ಇಡೀ ಮೈ ಒಂದೇ ಸಮ ಮಂಕಾಗಬೇಕು. ಹೊಳಪು ಉಳಿದ ಜಾಗವೇ ನಾಳೆ ಸುಲಿಯುವ ಜಾಗ.

4. ಪ್ಲಾಸ್ಟಿಕ್ ಪ್ರೈಮರ್. ಬಾಳಿಕೆ ನಿರ್ಧಾರವಾಗುವುದು ಇಲ್ಲಿ. ಪ್ಲಾಸ್ಟಿಕ್ ಬರಿಮೈ ಕಂಡ ಕಡೆಗಳಿಗೆ, ಅದರಲ್ಲೂ ಪಿಪಿಗೆ, ಹಿಡಿತ ಕೊಡುವ ತೆಳುವಾದ ದ್ರವವನ್ನು ಮೊದಲು ಹೊಡೆಯಬೇಕು. ಇದನ್ನು ಅಡ್ಹೀಶನ್ ಪ್ರಮೋಟರ್ ಅನ್ನುತ್ತಾರೆ. ಕಾರ್ಖಾನೆಗಳಲ್ಲಿ ಪಿಪಿಯ ಮೈಗೆ ಬೆಂಕಿಯ ಜ್ವಾಲೆ ತೋರಿಸಿಯೂ ಹಿಡಿತ ತರುತ್ತಾರೆ. ತಗಡಿಗೆ ಹೊಡೆಯುವ ಪ್ರೈಮರ್ ಈ ಕೆಲಸ ಮಾಡುವುದಿಲ್ಲ.

5. ಬಣ್ಣ. ಒಂದೇ ಸಲ ದಪ್ಪ ಹೊಡೆಯುವ ಬದಲು ತೆಳುವಾಗಿ ಎರಡು ಮೂರು ಕೋಟ್. ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು.

6. ಕ್ಲಿಯರ್ ಕೋಟ್. ಬಣ್ಣಕ್ಕೆ ಕೊಡೆ ಇದ್ದಂತೆ. ಬಿಸಿಲಿನ ಅತಿನೇರಳೆ ಕಿರಣ, ಪೆಟ್ರೋಲ್, ಮಣ್ಣು ಎಲ್ಲ ಮೊದಲು ತಾಗುವುದು ಇದಕ್ಕೆ. ಒಳ್ಳೆಯ ಕ್ಲಿಯರ್‌ನ ದಪ್ಪ ಸುಮಾರು 40ರಿಂದ 60 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಅದಕ್ಕಿಂತ ತೀರಾ ತೆಳುವಾದರೆ ಬೇಗ ಸವೆಯುತ್ತದೆ, ತೀರಾ ದಪ್ಪವಾದರೆ ಬಿರುಕು ಬಿಡುತ್ತದೆ.

7. ಒಣಗಿಸುವುದು. ತಗಡನ್ನು ಕಾರ್ಖಾನೆಯಲ್ಲಿ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಎಬಿಎಸ್ 100 ಡಿಗ್ರಿ ಮುಟ್ಟುವ ಮೊದಲೇ ಮೆತ್ತಗಾಗುತ್ತದೆ. ಬೇಗ ಒಣಗಲಿ ಎಂದು ಹೀಟ್ ಗನ್ ಹಿಡಿದರೆ ಪ್ಯಾನೆಲ್ ಸೊಟ್ಟಗಾಗಿ ಲಾಕ್ ಕೂರುವುದಿಲ್ಲ. 60 ಡಿಗ್ರಿಯ ಒಳಗೇ ಇರಲಿ.

ಸ್ಪ್ರೇ ಕ್ಯಾನ್, ಎನ್‌ಸಿ, ಪಿಯು: ವ್ಯತ್ಯಾಸವೇನು?

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪ್ರೇ ಕ್ಯಾನ್ ಮತ್ತು ಎನ್‌ಸಿ ಪೇಂಟ್ ಒಣಗುವುದು ಥಿನ್ನರ್ ಆರುವುದರಿಂದ. ಮತ್ತೆ ಥಿನ್ನರೋ ಪೆಟ್ರೋಲೋ ತಾಗಿದರೆ ಮೆತ್ತಗಾಗುತ್ತದೆ. ಟ್ಯಾಂಕಿನ ಹತ್ತಿರದ ಪ್ಯಾನೆಲ್‌ನಲ್ಲಿ ಪೆಟ್ರೋಲ್ ಸೋರಿದ ಗೆರೆ ಕಾಣುವುದು ಇದಕ್ಕೇ.

ಪಿಯು ಅಥವಾ 2ಕೆ ಎಂದು ಕರೆಯುವ ಪೇಂಟಿಗೆ ಹೊಡೆಯುವ ಮುಂಚೆ ಹಾರ್ಡ್‌ನರ್ ಬೆರೆಸುತ್ತಾರೆ. ಎರಡೂ ರಾಸಾಯನಿಕವಾಗಿ ಬೆಸೆದು ಗಟ್ಟಿಯಾಗುತ್ತವೆ, ಮತ್ತೆ ಕರಗುವುದಿಲ್ಲ. ಕೆಲವು ಗಂಟೆಗಳಲ್ಲಿ ಮುಟ್ಟುವಷ್ಟು ಒಣಗಿದರೂ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಆ ವಾರದಲ್ಲಿ ಪೆಟ್ರೋಲ್ ಚೆಲ್ಲುವುದು, ಬೈಕ್ ಕವರ್ ಹೊದಿಸುವುದು, ಪಾಲಿಶ್ ಹಚ್ಚುವುದು ಬೇಡ. ಮಡ್‌ಗಾರ್ಡಿನಂತೆ ಬಾಗುವ ಭಾಗಕ್ಕೆ ಫ್ಲೆಕ್ಸ್ ಅಡಿಟಿವ್ ಬೆರೆಸಿದರೆ ಬಿರುಕು ಬಿಡುವುದು ಕಡಿಮೆ.

ಎಚ್ಚರಿಕೆ: ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಇದರ ಮಂಜು ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ಬಂದರೆ ಮುಂದೆ ಸ್ವಲ್ಪ ತಾಗಿದರೂ ಉಸಿರಾಟ ಕಷ್ಟವಾಗಬಹುದು. ಮುಖಕ್ಕೆ ಕಟ್ಟಿದ ಕರ್ಚೀಫು, ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ. ರಾಸಾಯನಿಕದ ಆವಿಗೆಂದೇ ಇರುವ ಫಿಲ್ಟರಿನ ಮಾಸ್ಕ್ ಬೇಕು, ಗಾಳಿಯಾಡುವ ಜಾಗ ಬೇಕು. ಮನೆಯ ಜಗಲಿಯಲ್ಲಿ, ಮಕ್ಕಳು ಓಡಾಡುವ ಕಡೆ ಹೊಡೆಯಲೇಬಾರದು.

ಎಷ್ಟು ವರ್ಷ ಬಾಳುತ್ತದೆ?

ಇದು ಅಂದಾಜು ಮಾತ್ರ. ಬೈಕ್ ದಿನವಿಡೀ ಬಿಸಿಲಲ್ಲಿ ನಿಲ್ಲುತ್ತದೋ ನೆರಳಲ್ಲೋ ಎಂಬುದರ ಮೇಲೆ ಬಹಳ ವ್ಯತ್ಯಾಸವಾಗುತ್ತದೆ.

ಕ್ಲಿಯರ್ ಇಲ್ಲದ ಸ್ಪ್ರೇ ಕ್ಯಾನ್ ಬಣ್ಣ: ಒಂದೆರಡು ವರ್ಷದೊಳಗೆ ಹೊಳಪು ಹೋಗುತ್ತದೆ.
ಸರಿಯಾಗಿ ಸಿದ್ಧಪಡಿಸಿದ ಎಬಿಎಸ್ ಮೇಲೆ ಪಿಯು ಬಣ್ಣ, ಪಿಯು ಕ್ಲಿಯರ್: ಐದು ವರ್ಷ ಅಥವಾ ಹೆಚ್ಚು.
ಅಡ್ಹೀಶನ್ ಪ್ರಮೋಟರ್ ಇಲ್ಲದ ಪಿಪಿ: ಮೇಲೆ ಎಂಥ ದುಬಾರಿ ಬಣ್ಣ ಹೊಡೆದರೂ ಭರವಸೆ ಇಲ್ಲ.

ಬಣ್ಣವೂ ಮುಖ್ಯ. ಬಿಳಿ, ಕಪ್ಪು ಹೆಚ್ಚು ಬಾಳುತ್ತವೆ. ಅಗ್ಗದ ಕೆಂಪು, ಹಳದಿ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಮ್ಯಾಟ್ ಫಿನಿಶ್‌ನಲ್ಲಿ ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯಲಾಗದು. ಉಜ್ಜಿದ ಜಾಗ ಹೊಳೆಯತೊಡಗುತ್ತದೆ.

ನಿಮ್ಮ ಊರಿನ ಹವೆ, ನಿಮ್ಮ ಊರಿನ ತಿಂಗಳು

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಥಿನ್ನರ್ ಆರುವಾಗ ಬಣ್ಣದ ಮೈ ತಣ್ಣಗಾಗಿ ಆ ತೇವ ಅದರ ಮೇಲೆ ಕೂರುತ್ತದೆ, ಬಿಳಿ ಮಂಜು ಕವಿದಂತೆ ಕಾಣುತ್ತದೆ. ವಯನಾಡು, ನೀಲಗಿರಿಯ ಮಂಜಿನ ಬೆಳಗ್ಗೆಯೂ ಹೀಗೇ. ಈ ಕಡೆಯವರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳು, ಅದರಲ್ಲೂ ಬಿಸಿಲೇರಿದ ಮೇಲಿನ ಹೊತ್ತು ಸೂಕ್ತ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ರಾಯದುರ್ಗ, ಆದೋನಿ ಕಡೆ ಸಮಸ್ಯೆ ಇದಕ್ಕೆ ತಿರುಗಾಮುರುಗಾ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಗನ್‌ನಿಂದ ಹೊರಟ ಬಣ್ಣ ಪ್ಯಾನೆಲ್ ಮುಟ್ಟುವ ಮೊದಲೇ ಅರೆ ಒಣಗಿ ಪುಡಿಯಂತೆ ಕೂರುತ್ತದೆ. ಮೈ ಒರಟಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಜೊತೆಗೆ ಧೂಳು. ಅಲ್ಲಿ ಬೆಳಗಿನ ಹೊತ್ತು, ನೆರಳಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ನಿಧಾನಕ್ಕೆ ಆರುವ ಥಿನ್ನರ್ ಬಳಸಿ ಹೊಡೆಯಬೇಕು.

ಕೆಟ್ಟ ಬಣ್ಣ ನೋಡಿ ಕಾರಣ ತಿಳಿಯುವುದು

ಹಾಳೆಯಂತೆ ಎದ್ದು ಕೆಳಗೆ ಬರಿ ಪ್ಲಾಸ್ಟಿಕ್ ಕಂಡರೆ: ಉಜ್ಜಿಲ್ಲ, ಜಿಡ್ಡು ತೆಗೆದಿಲ್ಲ ಅಥವಾ ಪ್ಲಾಸ್ಟಿಕ್ ಪ್ರೈಮರ್ ಹೊಡೆದಿಲ್ಲ.
ಜೇಡರ ಬಲೆಯಂಥ ಬಿರುಕು: ಬಣ್ಣ ದಪ್ಪವಾಗಿದೆ ಅಥವಾ ಪ್ಯಾನೆಲ್ ಬಾಗುತ್ತಿದೆ.
ಕೈಗೆ ಸುಣ್ಣದಂತೆ ಪುಡಿ ಹತ್ತಿದರೆ: ಬಿಸಿಲಿಗೆ ಸವೆದಿದೆ.
ಸ್ಕ್ರೂ ಸುತ್ತ ಮಾತ್ರ ಚಕ್ಕೆ ಎದ್ದರೆ: ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಬಿಗಿ ಮಾಡಲಾಗಿದೆ.

ಹೊಸ ಬಣ್ಣದ ಹಿಡಿತ ನೋಡಲು ವಾರ ಕಳೆದ ಮೇಲೆ ಕಣ್ಣಿಗೆ ಕಾಣದ ಮೂಲೆಯಲ್ಲಿ ಬ್ಲೇಡಿನಿಂದ ಅಡ್ಡ, ಉದ್ದ ಆರಾರು ಗೆರೆ ಎಳೆದು ಚೌಕಳಿ ಮಾಡಿ, ಗಟ್ಟಿ ಟೇಪ್ ಅಂಟಿಸಿ ಒಮ್ಮೆಲೇ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಹಿಡಿತ ಇಲ್ಲ. ಪೇಂಟ್ ಕಾರ್ಖಾನೆಗಳಲ್ಲೂ ಮಾಡುವುದು ಇದೇ ಪರೀಕ್ಷೆ.

ಹೆಲ್ಮೆಟ್‌ಗೆ ಬೇಡ

ಪ್ಯಾನೆಲ್ ಜೊತೆ ಹೆಲ್ಮೆಟ್‌ಗೂ ಅದೇ ಬಣ್ಣ ಹೊಡೆಸುವವರಿದ್ದಾರೆ. ಇದು ಅಪಾಯ. ಬಹಳಷ್ಟು ಹೆಲ್ಮೆಟ್‌ಗಳ ಹೊರಚಿಪ್ಪು ಎಬಿಎಸ್ ಅಥವಾ ಪಾಲಿಕಾರ್ಬೊನೇಟ್. ಥಿನ್ನರ್ ತಾಗಿದರೆ ಹೊರಗೆ ಏನೂ ಕಾಣದಂತೆ ಚಿಪ್ಪು ದುರ್ಬಲವಾಗುತ್ತದೆ. ಅದು ಗೊತ್ತಾಗುವುದು ಬಿದ್ದ ದಿನ.

ಆರ್‌ಸಿ ನೋಡಿಕೊಳ್ಳಿ

ಇದ್ದ ಬಣ್ಣವನ್ನೇ ಮತ್ತೆ ಹೊಡೆಸಿದರೆ ತೊಂದರೆ ಇಲ್ಲ. ಬೈಕಿನ ಬಣ್ಣವೇ ಬದಲಾಗುವುದಾದರೆ ಆರ್‌ಸಿಯಲ್ಲಿ ನಮೂದಾದ ಬಣ್ಣಕ್ಕೂ ಬೈಕಿಗೂ ತಾಳೆಯಾಗುವುದಿಲ್ಲ. ದಿನಾ ಗಡಿ ದಾಟಿ ಸಂತೆ, ಕಾಲೇಜು, ಆಸ್ಪತ್ರೆಗೆ ಹೋಗುವವರಿಗೆ ತಪಾಸಣೆಯಲ್ಲಿ ಇದೇ ತಲೆನೋವು. ಮಾರುವಾಗಲೂ, ವಿಮೆ ಕೇಳುವಾಗಲೂ ಪ್ರಶ್ನೆ ಏಳುತ್ತದೆ. ವಾಹನದಲ್ಲಿ ಮಾಡುವ ಬದಲಾವಣೆಗಳ ಬಗ್ಗೆ ಹೇಳುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಬಣ್ಣ ಬದಲಿಸುವ ಮೊದಲೇ ನೀವು ವಾಸಿಸುವ ವ್ಯಾಪ್ತಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆರ್‌ಸಿಯಲ್ಲಿ ತಿದ್ದಿಸಿ. ಇನ್ನೊಂದು ಮಾತು: ಸೇನೆಯ ಆಲಿವ್ ಹಸಿರು ಬಣ್ಣವನ್ನು ಖಾಸಗಿ ವಾಹನಕ್ಕೆ ಹೊಡೆಸುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಅದನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲಿಟ್ಟಿದೆ.

ಪೇಂಟರನ್ನು ಕೇಳಬೇಕಾದ ಐದು ಪ್ರಶ್ನೆ

1. ಪ್ಯಾನೆಲ್ ಬಿಚ್ಚಿ ಹೊಡೆಯುತ್ತೀರಾ, ಬೈಕಿನ ಮೇಲೆಯೇ ಹೊಡೆಯುತ್ತೀರಾ?
2. ಇದು ಎಬಿಎಸ್ಸೋ ಪಿಪಿಯೋ ನೋಡಿದ್ದೀರಾ?
3. ಪ್ಲಾಸ್ಟಿಕ್‌ಗೆ ಬೇರೆ ಪ್ರೈಮರ್ ಇದೆಯೇ?
4. ಕ್ಲಿಯರ್ ಪಿಯುವೇ? ಹಾರ್ಡ್‌ನರ್ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸುತ್ತೀರಾ?
5. ಯಾವ ದಿನ ಕೊಡುತ್ತೀರಿ?

ಐದನೆಯ ಪ್ರಶ್ನೆಗೆ "ಸಂಜೆಯೇ ಕೊಡುತ್ತೇನೆ" ಎಂಬ ಉತ್ತರ ಬಂದರೆ ತೊಳೆದು, ಉಜ್ಜಿ, ಕೋಟ್‌ಗಳ ನಡುವೆ ಬಿಟ್ಟು ಒಣಗಿಸುವ ಹೊತ್ತು ಆ ಲೆಕ್ಕದಲ್ಲಿ ಇಲ್ಲ ಎಂದೇ ತಿಳಿಯಬೇಕು. ಎರಡು ದಿನ ಬೈಕ್ ಬಿಟ್ಟು ಬಸ್ಸಿನಲ್ಲಿ ಓಡಾಡಿದರೆ, ಮುಂದಿನ ವರ್ಷ ಮತ್ತೆ ಅದೇ ಕೆಲಸಕ್ಕೆ ದುಡ್ಡು ಕೊಡುವುದು ಉಳಿಯುತ್ತದೆ.