ಬಿಂಗ್‌ಹ್ಯಾಮ್ ಕಣಿವೆ: ಬೆಟ್ಟವಿದ್ದಲ್ಲಿ ಹೊಂಡ

ಅಮೆರಿಕದ ಯೂಟಾ ರಾಜ್ಯದ ಈ ತಾಮ್ರದ ಗಣಿಯ ಆಳ ಸುಮಾರು 1.2 ಕಿ.ಮೀ., ಅಗಲ 4 ಕಿ.ಮೀ. ಮೊದಲು ಇಲ್ಲಿದ್ದದ್ದು ಬೆಟ್ಟ.

ಸುಮಾರು 3.8 ಕೋಟಿ ವರ್ಷಗಳ ಹಿಂದೆ ಶಿಲಾಪಾಕ ಮೇಲೇರಿ ಇಲ್ಲಿ ತಣಿಯಿತು. ಅದರಿಂದ ಹೊಮ್ಮಿದ ಬಿಸಿನೀರು ಬಂಡೆಯ ಸಣ್ಣ ಸಣ್ಣ ಬಿರುಕುಗಳಲ್ಲಿ ತಾಮ್ರ, ಮಾಲಿಬ್ಡಿನಮ್, ಚಿನ್ನ, ಬೆಳ್ಳಿಗಳನ್ನು ಬಿಟ್ಟುಹೋಯಿತು. ತಾಮ್ರ ಎಲ್ಲೆಡೆ ಉಂಟು, ಎಲ್ಲೂ ಹೆಚ್ಚಿಲ್ಲ. ಇಂದಿನ ಅದಿರಿನ ನೂರು ಕಿಲೊದಲ್ಲಿ ಒಂದು ಕಿಲೊ ಕೂಡ ಸಿಗದು. ಇಂಥ ಬಡ ಅದಿರನ್ನೂ ಭಾರಿ ಪ್ರಮಾಣದಲ್ಲಿ ಅಗೆದರೆ ಲಾಭವಿದೆ ಎಂದು ವಾದಿಸಿದವನು ಎಂಜಿನಿಯರ್ ಡೇನಿಯಲ್ ಜ್ಯಾಕ್ಲಿಂಗ್. 1906ರಲ್ಲಿ ಉಗಿಯಂತ್ರದ ಸಲಿಕೆಗಳು ಬೆಟ್ಟವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿಯತೊಡಗಿದವು.

ಇಂದಿನ ಕ್ರಮ ಹೀಗಿದೆ: ಸಿಡಿಮದ್ದು ಇಟ್ಟು ಒಡೆದು, ದೈತ್ಯ ಲಾರಿಗಳಿಗೆ ತುಂಬಿ, ಅರೆದು, ನೊರೆಯಲ್ಲಿ ತೇಲಿಸಿ, ಕರಗಿಸುವುದು.

ಗಣಿ ಹಿಗ್ಗಿದಂತೆ ಕಣಿವೆಯಲ್ಲಿದ್ದ ಗಣಿಗಾರರ ಪಟ್ಟಣವನ್ನೇ ನುಂಗಿತು. ಊರಿಗೆ ಅನ್ನ ಕೊಟ್ಟದ್ದೂ ಅದೇ. 2013ರ ಏಪ್ರಿಲ್ 10ರಂದು ಗಣಿಯ ಈಶಾನ್ಯದ ಗೋಡೆಯಿಂದ 14 ಕೋಟಿ ಟನ್ನಿಗೂ ಮಿಕ್ಕಿ ಕಲ್ಲುಮಣ್ಣು ಎರಡು ಕಂತುಗಳಲ್ಲಿ ಕುಸಿಯಿತು. ಗೋಡೆ ಜರುಗುತ್ತಿರುವುದನ್ನು ರಾಡಾರ್ ಮೊದಲೇ ತೋರಿಸಿದ್ದರಿಂದ ಕಾರ್ಮಿಕರನ್ನು ಹೊರಗೆ ಕಳಿಸಲಾಗಿತ್ತು, ಯಾರಿಗೂ ಗಾಯವಾಗಲಿಲ್ಲ. ಅದಿರಿನ ಆಸೆಗೆ ಈಗ ದಕ್ಷಿಣದ ಗೋಡೆಯನ್ನು ಹಿಂದಕ್ಕೆ ಕೊರೆಯಲಾಗುತ್ತಿದೆ.