ಬೆಟ್ಟ ಹತ್ತಿಸುವ ಹಲ್ಲುಗಾಲಿ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ದಾಟಿ ಬರುವ ಬಸ್ಸು ತಾಳಬೆಟ್ಟದವರೆಗೆ ಹೆಚ್ಚು ತ್ರಾಸವಿಲ್ಲದೆ ಓಡುತ್ತದೆ. ಮಲೆ ಮಹದೇಶ್ವರ ಬೆಟ್ಟದ ನಿಜವಾದ ಏರು ಆರಂಭವಾಗುವುದು ಅಲ್ಲಿಂದ ಮುಂದೆ. ಒಂದೊಂದು ತಿರುವಿನಲ್ಲೂ ಚಾಲಕ ಗೇರು ಇಳಿಸುತ್ತಾನೆ. ಎಂಜಿನ್ನಿನ ಮೊರೆತ ಹೆಚ್ಚುತ್ತದೆ, ಬಸ್ಸಿನ ವೇಗ ಮಾತ್ರ ಕುಗ್ಗುತ್ತದೆ. ಇಷ್ಟು ಸದ್ದು ಮಾಡುವ ಎಂಜಿನ್ನು ಇಷ್ಟು ನಿಧಾನವಾಗಿ ಏಕೆ ಸಾಗಬೇಕು? ಮಾದಪ್ಪನ ದರ್ಶನಕ್ಕೆ ಹೊರಟ ಭಕ್ತರಲ್ಲಿ ಅನೇಕರಿಗೆ ಈ ಪ್ರಶ್ನೆ ಮೂಡಿರಬಹುದು. ಉತ್ತರವಿರುವುದು ಗೇರು ಪೆಟ್ಟಿಗೆಯೊಳಗಿನ ಹಲ್ಲುಗಾಲಿಗಳಲ್ಲಿ.

12 ಹಲ್ಲುಗಳ ಚಿಕ್ಕ ಗಾಲಿಯೊಂದು 48 ಹಲ್ಲುಗಳ ದೊಡ್ಡ ಗಾಲಿಯನ್ನು ತಿರುಗಿಸುತ್ತಿದೆ ಎಂದಿಟ್ಟುಕೊಳ್ಳೋಣ. ಹಲ್ಲಿಗೆ ಹಲ್ಲು ಸರಿಯಬೇಕಾದ್ದರಿಂದ ಚಿಕ್ಕದು 4 ಸುತ್ತು ಬಂದಾಗ ದೊಡ್ಡದು ಒಂದೇ ಸುತ್ತು ಬರುತ್ತದೆ. ಅಂದರೆ ವೇಗ ಕಾಲು ಭಾಗಕ್ಕೆ ಇಳಿಯಿತು. ಆದರೆ ಹಲ್ಲು ಹಲ್ಲನ್ನು ಒತ್ತುವ ಬಲ ಎರಡೂ ಗಾಲಿಗಳಿಗೆ ಒಂದೇ. ದೊಡ್ಡ ಗಾಲಿಯಲ್ಲಿ ಆ ಬಲ ಬೀಳುವ ಜಾಗ ಅಚ್ಚಿನಿಂದ 4 ಪಟ್ಟು ದೂರದಲ್ಲಿರುತ್ತದೆ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳುವುದು ಕಷ್ಟ, ಅಂಚಿನಲ್ಲಿ ತಳ್ಳುವುದು ಸುಲಭ. ಹಾಗೆಯೇ ಇಲ್ಲಿಯೂ ತಿರುಗಿಸುವ ಕಸುವು 4 ಪಟ್ಟಾಗುತ್ತದೆ. ಇದನ್ನೇ ಎಂಜಿನಿಯರುಗಳು ಟಾರ್ಕ್ ಎನ್ನುತ್ತಾರೆ. ಉಜ್ಜಾಟದಲ್ಲಿ ಸ್ವಲ್ಪ ನಷ್ಟವಾಗುವುದನ್ನು ಬಿಟ್ಟರೆ ಲೆಕ್ಕ ಸರಿಹೋಗುತ್ತದೆ: ಕಸುವು ಎಷ್ಟು ಪಟ್ಟು ಹೆಚ್ಚಿತೋ ವೇಗ ಅಷ್ಟು ಪಟ್ಟು ಕಡಿಮೆಯಾಯಿತು.

ಈ ಕೊಡುಕೊಳ್ಳುವಿಕೆ ನಮ್ಮ ಸೀಮೆಗೆ ಹೊಸದೇನಲ್ಲ. ಆಲೆಮನೆಯಲ್ಲಿ ಕಬ್ಬು ಅರೆಯುವ ಗಾಣಕ್ಕೆ ಹಿಂದೆ ಎತ್ತು ಕಟ್ಟುತ್ತಿದ್ದರು. ಉದ್ದನೆಯ ತೊಲೆಯ ತುದಿಯಲ್ಲಿ ಎತ್ತು ದೊಡ್ಡ ಸುತ್ತು ಹಾಕಿದರೆ ನಡುವಿನ ಉರುಳೆ ನಿಧಾನವಾಗಿ, ಆದರೆ ಬಲವಾಗಿ ತಿರುಗಿ ರಸ ಹಿಂಡುತ್ತಿತ್ತು. ಎತ್ತಿನ ಜಾಗಕ್ಕೆ ವಿದ್ಯುತ್ ಮೋಟಾರು ಬಂದಾಗ ಹೊಸ ತೊಡಕು ಎದುರಾಯಿತು. ಮೋಟಾರು ತಿರುಗುವುದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು. ಗಾಣಕ್ಕೆ ಬೇಕಾದುದು ಕೆಲವೇ ಸುತ್ತು. ಹೀಗಾಗಿ ನಡುವೆ ಬೆಲ್ಟು ಮತ್ತು ಹಲ್ಲುಗಾಲಿಗಳನ್ನಿಟ್ಟು ವೇಗವನ್ನು ಕಸುವಾಗಿ ಬದಲಾಯಿಸಿಕೊಳ್ಳಬೇಕಾಯಿತು. ನೇಯ್ಗೆಗೆ ಹೆಸರಾದ ಕೊಳ್ಳೇಗಾಲದವರಿಗೆ ಇದರ ವಿರುದ್ಧ ದಾರಿಯೂ ಗೊತ್ತು. ರಾಟೆಗೆ ಹಲ್ಲುಗಳಿಲ್ಲ, ದಾರವೇ ಆ ಕೆಲಸ ಮಾಡುತ್ತದೆ. ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕ ಕದಿರು ಹತ್ತಾರು ಸುತ್ತು ಬಂದಿರುತ್ತದೆ. ಅಲ್ಲಿ ಬೇಕಾದುದು ವೇಗ. ಕದಿರನ್ನು ಬೆರಳಿನಿಂದ ಹಿಡಿದರೂ ನಿಂತೀತು.

ಕ್ರಿ.ಶ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತ 5 ಟ್ಯಾಲೆಂಟ್ ಬಲದಿಂದ 1000 ಟ್ಯಾಲೆಂಟ್ ಭಾರವನ್ನು ಎತ್ತುವ ಹಲ್ಲುಗಾಲಿಗಳ ಸಾಲೊಂದನ್ನು ವಿವರಿಸಿದ್ದಾನೆ. ಭಾರ ಹೆಚ್ಚಿದಷ್ಟೂ ಕೆಲಸ ತಡವಾಗುತ್ತದೆ ಎಂಬುದೂ ಅವನಿಗೆ ತಿಳಿದಿತ್ತು. ಯಂತ್ರಗಳಿಂದ ಪ್ರಕೃತಿಯನ್ನು ವಂಚಿಸಲಾಗದು, ಬಲದಲ್ಲಿ ಗಳಿಸಿದ್ದನ್ನು ವೇಗದಲ್ಲಿ ತೆರಬೇಕು ಎಂದು 1600ರ ಸುಮಾರಿಗೆ ಇಟಲಿಯ ಗೆಲಿಲಿಯೋ ಸ್ಪಷ್ಟವಾಗಿ ವಾದಿಸಿದ.

ಮೋಟಾರು ವಾಹನಕ್ಕೆ ಈ ಪಾಠ ಕಲಿಸಿದ್ದು ಏರುದಾರಿಯೇ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ಟಾ ಬೆಂಜ್ ತಮ್ಮ ಪತಿ ಕಾರ್ಲ್ ಬೆಂಜ್ ತಯಾರಿಸಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ದಾರಿ ನೂರು ಕಿ.ಮೀ.ಗೂ ಮಿಗಿಲು. ಸಮತಟ್ಟಿನಲ್ಲಿ ಓಡಿದ ಗಾಡಿ ದಿಬ್ಬಗಳಲ್ಲಿ ಸೋತಿತು, ಇಳಿದು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದಾಗ ಬೆರ್ಟಾ ಚಮ್ಮಾರನಿಂದ ಅವಕ್ಕೆ ಚರ್ಮ ಹೊಡೆಸಿದರು. ಮರಳಿ ಬಂದ ಮೇಲೆ, ಏರು ಹತ್ತಲು ಇನ್ನೊಂದು ಗೇರು ಬೇಕೆಂದು ಪತಿಗೆ ಸೂಚಿಸಿದರು. ಮುಂದೆ 1890ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಲೆವಾಸೋರ್ ಹಲ್ಲುಗಾಲಿಗಳನ್ನು ಸರಿಸಿ ಜೋಡಿಸುವ ಗೇರು ಪೆಟ್ಟಿಗೆಯನ್ನು ಬಳಕೆಗೆ ತಂದ.

ತಾಳಬೆಟ್ಟದಿಂದ ಮೇಲೇರುವ ರಸ್ತೆ ಸುತ್ತಿ ಸುತ್ತಿ ಹೋಗುವುದೂ ಇದೇ ಲೆಕ್ಕದಿಂದ. ಕಾಲ್ನಡಿಗೆಯ ಭಕ್ತರ ಕಡಿದಾದ ದಾರಿ ಹತ್ತಿರ, ಆದರೆ ಏದುಸಿರು ಬರಿಸುತ್ತದೆ. ಬಸ್ಸಿನ ದಾರಿ ದೂರ, ಆದರೆ ಏರು ಕಡಿಮೆ. ಹಾಗಿದ್ದೂ ತುಂಬಿದ ಬಸ್ಸಿನ ಭಾರವನ್ನು ಎಂಜಿನ್ನು ನೇರವಾಗಿ ಹೊರಲಾರದು. ಕೆಳಗಿನ ಗೇರಿನಲ್ಲಿ ಅದು ಅನೇಕ ಸುತ್ತು ತಿರುಗಿ ಚಕ್ರವನ್ನು ಒಂದು ಸುತ್ತು ತಿರುಗಿಸುತ್ತದೆ. ಮೊರೆತ ಹೆಚ್ಚಾಗಿ ವೇಗ ಕುಗ್ಗುವ ಗುಟ್ಟು ಇದೇ.

ಬೆಟ್ಟ ಇಳಿಯುವಾಗ ಇದೇ ಲೆಕ್ಕ ಜೀವ ಉಳಿಸುತ್ತದೆ. ಕೆಳಗಿನ ಗೇರಿನಲ್ಲಿದ್ದರೆ ಚಕ್ರಗಳು ಎಂಜಿನ್ನನ್ನು ಬಿರುಸಾಗಿ ತಿರುಗಿಸಬೇಕಾಗುತ್ತದೆ. ಎಂಜಿನ್ನಿನೊಳಗಿನ ತಡೆ ಅಷ್ಟೇ ಪಟ್ಟು ಹೆಚ್ಚಿ ಚಕ್ರಗಳನ್ನು ಹಿಡಿದೆಳೆಯುತ್ತದೆ. ಡೀಸೆಲ್ ಉಳಿಸುವ ಆಸೆಗೆ ಗೇರನ್ನು ನ್ಯೂಟ್ರಲ್‌ಗೆ ತಂದರೆ ಈ ಹಿಡಿತ ಪೂರ್ತಿ ಕಳಚಿಹೋಗುತ್ತದೆ. ಆಗ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಮೇಲಿಂದ ಮೇಲೆ ಒತ್ತಿದ ಬ್ರೇಕು ಕಾದು, ಬೇಕಾದ ತಿರುವಿನಲ್ಲೇ ಕೈಕೊಡಬಹುದು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಕಟ್ಟುನಿಟ್ಟಿಗೆ ಇದೇ ಕಾರಣ. ಜಾತ್ರೆ ಮುಗಿಸಿ ಊರು ಸೇರುವ ಆತುರದಲ್ಲಿರುವವರು, ಬಸ್ಸು ಮೊರೆಯುತ್ತಾ ನಿಧಾನವಾಗಿ ಇಳಿಯುತ್ತಿದ್ದರೆ ಚಾಲಕನನ್ನು ಅವಸರಪಡಿಸದಿರುವುದು ಒಳಿತು.